ಫಿಲಿಪ್ ಹೇಳಿದ ಕತೆ

ಡ್ಯಾಫ್ನಿ ಡು ಮೊರಿಯೆ ಎಂಬ ಇಂಗ್ಲಿಷ್ ಲೇಖಕಿಯ ‘ಮೈ ಕಸಿನ್ ರೇಚಲ್’ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ಬಿ.ಎ. ಓದುವಾಗ. ರಾತ್ರಿಯೆಲ್ಲಾ ಕೂತು ಮುಗಿಸಿ, ‘ಎಂಥಾ ಪಾಪಿಷ್ಠೆ ಈ ಹೆಂಗಸು!’ ಎಂದು ಪುಸ್ತಕ ಮುಚ್ಚಿದ್ದೆ. ಎರಡನೆಯ ಸಲ ಓದಿದ್ದು ಈ ಬೇಸಿಗೆ ರಜೆಯಲ್ಲಿ. ಸಿಟ್ಟು ಈಗಲೂ ಬಂತು, ಆದರೆ ಅವಳ ಮೇಲಲ್ಲ.

1951ರಲ್ಲಿ ಪ್ರಕಟವಾದ ಈ ಕತೆ ನಡೆಯುವುದು ಕಾರ್ನ್‌ವಾಲ್‌ನಲ್ಲಿ, ಕುದುರೆಗಾಡಿಗಳ ಕಾಲದಲ್ಲಿ. ತಬ್ಬಲಿ ಫಿಲಿಪ್‌ನನ್ನು ಸಾಕಿದವನು ಸಂಬಂಧದಲ್ಲಿ ಅಣ್ಣನಾಗಬೇಕಾದ ಆಂಬ್ರೋಸ್. ಅದು ಹೆಂಗಸರ ಸುಳಿವೇ ಇಲ್ಲದ ಮನೆ, ಕೆಲಸದವರೂ ಗಂಡಸರೇ. ಆರೋಗ್ಯಕ್ಕೆಂದು ಇಟಲಿಗೆ ಹೋದ ಆಂಬ್ರೋಸ್ ಅಲ್ಲಿ ರೇಚಲ್ ಎಂಬ ವಿಧವೆಯನ್ನು ಮದುವೆಯಾಗುತ್ತಾನೆ, ಅಲ್ಲೇ ಸಾಯುತ್ತಾನೆ. ಹೆಂಡತಿಯ ಮೇಲೆ ಅನುಮಾನಪಟ್ಟು ಅವನು ಬರೆದ ಕಾಗದಗಳಿವೆ. ಮಿದುಳಿನಲ್ಲಿ ಗಡ್ಡೆಯಾಗಿ ಬುದ್ಧಿ ಕದಡಿತ್ತು ಎಂಬ ಮಾತೂ ಇದೆ. ಯಾವುದು ನಿಜ?

ಇಡೀ ಪುಸ್ತಕ ಫಿಲಿಪ್‌ನ ಬಾಯಲ್ಲೇ ನಡೆಯುತ್ತದೆ. ರೇಚಲ್ ಆಡಿದ ಮಾತೂ ಅವನು ನಮಗೆ ದಾಟಿಸಿದಷ್ಟೇ. ಮುಖ ನೋಡುವ ಮೊದಲೇ ಅವಳನ್ನು ದ್ವೇಷಿಸಿದವನು, ನೋಡಿದ ಮೇಲೆ ಮರುಳಾದವನು. ಇಪ್ಪತ್ತೈದು ತುಂಬುವ ಹೊತ್ತಿಗೆ ಮನೆತನದ ಒಡವೆ, ಆಸ್ತಿ ಎಲ್ಲವನ್ನೂ ಅವಳಿಗೆ ಒಪ್ಪಿಸಿ, ಮದುವೆಗೆ ಒಪ್ಪಿದಳೆಂದು ತಾನೇ ತಿಳಿದುಕೊಳ್ಳುತ್ತಾನೆ. ‘ಅದು ಬರೀ ಕೃತಜ್ಞತೆ’ ಎಂದು ಅವಳು ಹೇಳಿದಾಗ ಏನು ಮಾಡುತ್ತಾನೆ ಗೊತ್ತೆ? ಅವಳ ಕುತ್ತಿಗೆಗೆ ಕೈ ಹಾಕುತ್ತಾನೆ. ಇದನ್ನು ಹೇಳುವವನೂ ಅವನೇ, ಮುಚ್ಚಿಟ್ಟಿಲ್ಲ. ಆದರೂ ಕಾಲೇಜು ಹುಡುಗಿಯಾಗಿದ್ದ ನಾನು ಆ ಪುಟವನ್ನು ದಾಟಿಹೋಗಿ, ರೇಚಲ್ ಕೈಯಲ್ಲಿದ್ದ ಕಷಾಯದ ಬಟ್ಟಲನ್ನೇ ನೋಡುತ್ತಿದ್ದೆ!

ಕಷಾಯದ ವಿಷಯಕ್ಕೆ ಬಂದರೆ, ಅವಳು ಗಿಡಮೂಲಿಕೆ ಬಲ್ಲವಳು. ಊರಿನ ಬಡವರಿಗೂ ಔಷಧಿ ಹೇಳಿಕೊಡುತ್ತಾಳೆ. ಅಂಥವಳ ಬಳಿ ಲಬರ್ನಮ್ ಮರದ ವಿಷದ ಬೀಜ ಸಿಕ್ಕಿದ್ದೇ ಫಿಲಿಪ್‌ಗೆ ಸಾಕ್ಷಿ. ನಮ್ಮ ಕಡೆಯೂ ಬೇರು ನಾರು ಬಲ್ಲ ಹೆಂಗಸು ಸೊಸೆಯಾಗಿ ಬಂದು, ಗಂಡ ಅವಳ ಮಾತು ಕೇಳತೊಡಗಿದರೆ, ‘ಮದ್ದು ಹಾಕಿದ್ದಾಳೆ’ ಎನ್ನುವುದಿಲ್ಲವೆ? ಆ ಮಾತನ್ನು ಹೊರಗೆ ಹಬ್ಬಿಸುವವರು ಹೆಚ್ಚಾಗಿ ನಾವು ಹೆಂಗಸರೇ.

ಓದದವರು ಮುಂದಿನ ನಾಲ್ಕು ಸಾಲು ಬಿಟ್ಟುಬಿಡಿ. ತಗ್ಗಿನ ತೋಟದ ಮೇಲಿನ ಅರೆಬರೆ ಸೇತುವೆ ಭಾರ ತಡೆಯದೆಂದು ಫಿಲಿಪ್‌ಗೆ ಗೊತ್ತು. ರೇಚಲ್ ಆ ಕಡೆ ಹೊರಟಾಗ ಅವನು ಎಚ್ಚರಿಸುವುದಿಲ್ಲ. ಅವಳ ಕೋಣೆಯನ್ನು ಜಾಲಾಡುತ್ತಾನೆ. ದೂರು ಹೊರಿಸುವಂಥದ್ದೇನೂ ಸಿಗುವುದಿಲ್ಲ. ಇಡೀ ಕಾದಂಬರಿಯಲ್ಲಿ ಹೊಣೆ ಯಾರದೆಂದು ನಮಗೆ ಖಚಿತವಾಗಿ ತಿಳಿಯುವ ಸಾವು ಅದೊಂದೇ.

ನಡುವಿನ ಭಾಗ ಎಳೆದಂತಿದೆ, ಒಪ್ಪುತ್ತೇನೆ. ರೈನಾಲ್ಡಿ ಎಂಬ ಇಟಲಿಯವನು ನಾಟಕ ಕಂಪನಿಯ ಖಳನಂತೆ ಬಂದುಹೋಗುತ್ತಾನೆ. ಅವನನ್ನೂ ನಾವು ನೋಡುವುದು ಫಿಲಿಪ್‌ನ ಹೊಟ್ಟೆಕಿಚ್ಚಿನ ಕಣ್ಣಿಂದಲ್ಲವೆ ಎಂದು ಹೊಳೆದದ್ದು ಆಮೇಲೆ.

ಅಪರಾಧಿಯೋ ಅಲ್ಲವೋ, ಲೇಖಕಿ ಕೊನೆಗೂ ಬಿಟ್ಟುಕೊಡುವುದಿಲ್ಲ. ನನಗೆ ರೇಚಲ್ ಖರ್ಚಿನ ಕೈಯವಳಾಗಿ ಕಂಡಳು, ವಿಷದ ಕೈಯವಳಾಗಿ ಅಲ್ಲ.

ಹಿಂದೆ ನಮ್ಮೊಡನೆ ಕೆಲಸ ಮಾಡುತ್ತಿದ್ದ ಒಬ್ಬ ಟೀಚರ್ ಗಂಡನನ್ನು ಬಿಟ್ಟು ಬಂದಿದ್ದರು. ಆತ ಒಂದು ದಿನ ಸ್ಟಾಫ್ ರೂಮಿಗೆ ಬಂದು, ಕಣ್ಣೀರು ಹಾಕಿ, ತನ್ನ ಕತೆ ಹೇಳಿಹೋದ. ತುಂಬಾ ಚೆನ್ನಾಗಿ ಹೇಳಿದ. ಮರುದಿನದಿಂದ ನಾವು ಯಾರೂ ಆಕೆಯ ಜತೆ ಡಬ್ಬಿ ಬಿಚ್ಚಲಿಲ್ಲ. ಏನಾಯಿತು ಎಂದು ಆಕೆಯನ್ನು ಕೇಳಲೂ ಇಲ್ಲ. ನಾನೂ ಕೇಳಲಿಲ್ಲ.