ಎಂಜಿನ್ ಮೌಂಟಿಂಗಿಗೆ ಮನೆಮದ್ದು: ಒಂದು ಪರಿಶೀಲನೆ

ಕಾರಿನ ಎಂಜಿನ್ನನ್ನು ಚೌಕಟ್ಟಿಗೆ ನೇರವಾಗಿ ಬಿಗಿದಿರುವುದಿಲ್ಲ. ಇವೆರಡರ ನಡುವೆ ಲೋಹದ ಕವಚದಲ್ಲಿ ಕೂರಿಸಿದ ರಬ್ಬರ್ ಇರುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ 'ಎಂಜಿನ್ ಮೌಂಟಿಂಗ್' ಎಂದು ಹೆಸರು. ಈ ರಬ್ಬರಿನ ನಡುವಿನ ಖಾಲಿ ಜಾಗಗಳಿಗೆ ಮುಂಗಾಜು ಅಂಟಿಸುವ ಪಾಲಿಯುರೆಥೇನ್ ಅಂಟು ತುಂಬಿ ಅಥವಾ ಗಟ್ಟಿ ರಬ್ಬರಿನ ತುಂಡುಗಳನ್ನು ತುರುಕಿ ಕಾರಿನ ಸಾಮರ್ಥ್ಯ ಹೆಚ್ಚಿಸಬಹುದೆಂಬ ನಂಬಿಕೆ ವಾಹನ ಹವ್ಯಾಸಿಗಳಲ್ಲಿದೆ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಮಾಡಿ, "ಸಾರ್, ಈಗ ಕಾರು ಚಿಮ್ಮುತ್ತೆ" ಎಂದ. ಅವನ ಮಾತಿನಲ್ಲಿ ಎಷ್ಟು ನಿಜವಿದೆ? ನೀವೇ ಪರಿಶೀಲಿಸಿ.

ಮೊದಲು ಈ ವಾದದ ಸತ್ಯಾಂಶ ನೋಡೋಣ. ಎಂಜಿನ್ ಚಕ್ರಗಳನ್ನು ಒಂದು ದಿಕ್ಕಿಗೆ ತಿರುಗಿಸುವಾಗ, ನ್ಯೂಟನ್ನನ ಮೂರನೆಯ ನಿಯಮದಂತೆ, ತಾನು ವಿರುದ್ಧ ದಿಕ್ಕಿಗೆ ವಾಲಲು ಯತ್ನಿಸುತ್ತದೆ. ಎಂಜಿನ್ ಅಡ್ಡಲಾಗಿರುವ, ಮುಂದಿನ ಚಕ್ರಗಳಿಗೆ ಚಾಲನೆಯಿರುವ ಕಾರನ್ನು ತೆಗೆದುಕೊಳ್ಳಿ. ಎಂಜಿನ್ನಿನ ಟಾರ್ಕ್ 100 ನ್ಯೂಟನ್-ಮೀಟರ್, ಮೊದಲ ಗೇರಿನ ಒಟ್ಟು ಅನುಪಾತ 14 ಎಂದಿಟ್ಟುಕೊಂಡರೆ, ಮೌಂಟಿಂಗುಗಳು ತಡೆಯಬೇಕಾದದ್ದು 1400 ನ್ಯೂಟನ್-ಮೀಟರ್! ಮೆದು ರಬ್ಬರು ಬಾಗಿ ನಿಲ್ಲುವ ತನಕ ಕಾರಿನ ಪ್ರತಿಕ್ರಿಯೆ ಕ್ಷಣಕಾಲ ತಡವಾಗುತ್ತದೆ. ಪೆಡಸು ಮೌಂಟಿಂಗು ಈ ವಿಳಂಬವನ್ನು ಕುಗ್ಗಿಸುತ್ತದೆ. ಪಂದ್ಯದ ಕಾರುಗಳಲ್ಲಿ ಅದನ್ನು ಬಳಸುವುದು ಇದೇ ಕಾರಣಕ್ಕೆ.

ಆದರೆ ಇದರಿಂದ ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ಹೆಚ್ಚುವುದು ಕಂಪನ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ದಹನಗಳಾಗುತ್ತವೆ. ಕಾರು ನಿಂತಿದ್ದು ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ತಳ್ಳುಗಳು. ಮೌಂಟಿಂಗಿನ ಮೇಲೆ ಕುಳಿತ ಎಂಜಿನ್ನಿನ ಸಹಜ ಆವೃತ್ತಿ 10 ಹರ್ಟ್ಸ್ ಆಗಿದ್ದರೆ ಕಂಪನಬಲದ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಚೌಕಟ್ಟಿಗೆ ದಾಟುತ್ತದೆ. ರಬ್ಬರಿನ ಗಡಸುತನ ಶೋರ್ 'ಎ' ಮಾಪಕದಲ್ಲಿ 50ರಿಂದ 80ಕ್ಕೆ ಏರಿದರೆ ಅದರ ಪೆಡಸುತನ ಸುಮಾರು ನಾಲ್ಕು ಪಟ್ಟಾಗುತ್ತದೆ. ಸಹಜ ಆವೃತ್ತಿ ಇಮ್ಮಡಿಸಿ 20 ಹರ್ಟ್ಸ್ ಮುಟ್ಟುತ್ತದೆ. ಆಗ ನಾವು ಅನುರಣನೆಯ ಸಮೀಪಕ್ಕೆ ಬಂದಂತೆ. ದಾಟುವ ಬಲ ಮೂಲಬಲಕ್ಕಿಂತಲೂ ಹೆಚ್ಚು, ಅದರ 1.8ರಷ್ಟು! ಅಂದರೆ ಮೊದಲಿದ್ದುದರ ಒಂಬತ್ತು ಪಟ್ಟು. ರಬ್ಬರಿನ ಒಳಘರ್ಷಣೆ ಈ ಅಂಕಿಯನ್ನು ತಗ್ಗಿಸೀತು, ತೀರ್ಮಾನವನ್ನು ಬದಲಿಸದು.

ಖಾಲಿ ಜಾಗವೂ ವ್ಯರ್ಥವಾಗಿ ಬಿಟ್ಟದ್ದಲ್ಲ. ಸಣ್ಣ ಕಂಪನಕ್ಕೆ ರಬ್ಬರು ಮೆದುವಾಗಿರಲಿ, ದೊಡ್ಡ ಎಳೆತಕ್ಕೆ ಅಂಚು ತಗುಲಿ ಪೆಡಸಾಗಲಿ ಎಂಬುದು ವಿನ್ಯಾಸಕಾರನ ಉಪಾಯ. ಅದನ್ನು ತುಂಬಿದರೆ ಈ ಎರಡು ಗುಣಗಳಲ್ಲಿ ಮೊದಲನೆಯದು ಕೈಬಿಡುತ್ತದೆ. ಒಳಗೆ ದ್ರವವಿರುವ ಮೌಂಟಿಂಗನ್ನು ಕೊರೆದರಂತೂ ಅದು ಕೆಟ್ಟಂತೆಯೇ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿ 'ಫ್ಲೋಟಿಂಗ್ ಪವರ್' ಎಂದು ಪ್ರಚಾರ ಮಾಡಿತು. ನಾಲ್ಕು ಸಿಲಿಂಡರಿನ ನಡುಕವನ್ನು ಪ್ರಯಾಣಿಕರಿಂದ ದೂರವಿಡಲು ಅಷ್ಟು ಶ್ರಮಪಟ್ಟಿದ್ದರು. ಒಂದು ಕೊಳವೆ ಅಂಟು ಆ ಶ್ರಮವನ್ನು ಅಳಿಸಿಹಾಕುತ್ತದೆ.

ಹಾಗಾದರೆ ನನ್ನ ವಿದ್ಯಾರ್ಥಿಗೆ ಆದ ಅನುಭವ ಸುಳ್ಳೆ? ಅಲ್ಲ. "ಹಳೆಯ ರಬ್ಬರು ಹೇಗಿತ್ತು?" ಎಂದು ಕೇಳಿದೆ. "ಹರಿದುಹೋಗಿತ್ತು ಸಾರ್" ಎಂದ. ತಪ್ಪು ಇರುವುದು ಇಲ್ಲಿ. ಅವನು ತುಂಬಿದ ಮೌಂಟಿಂಗನ್ನು ಹೋಲಿಸಿದ್ದು ಹರಿದದ್ದರೊಡನೆ, ಹೊಸದರೊಡನೆ ಅಲ್ಲ. ಹೊಸ ರಬ್ಬರು ಹಾಕಿದ್ದರೂ ಕಾರು ಚುರುಕಾಗಿಯೇ ತೋರುತ್ತಿತ್ತು. ನಿಯಂತ್ರಿತ ಹೋಲಿಕೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ. ಜೊತೆಗೆ, ನಡುಕ ಮತ್ತು ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿತೆಂದು ಮನಸ್ಸು ಭ್ರಮಿಸುವುದು ಸುಲಭ.

ಅಪಾಯವನ್ನೂ ಹೇಳಬೇಕು. ಗಟ್ಟಿಯಾಗುವ ಮುನ್ನ ಪಾಲಿಯುರೆಥೇನಿನಲ್ಲಿರುವ ಐಸೊಸಯನೇಟುಗಳು ಉಸಿರಿನೊಂದಿಗೆ ಒಳಸೇರಿದರೆ ಅಸ್ತಮಾ ಬರಬಹುದು. ರಬ್ಬರು ನುಂಗಬೇಕಾದ ಕಂಪನವನ್ನು ಲೋಹದ ಬ್ರಾಕೆಟ್ಟು ನುಂಗಬೇಕಾಗಿ ಬಂದರೆ ಅದು ದಣಿದು ಬಿರುಕುಬಿಡಬಹುದು.

ಸ್ವತಃ ಕೈಕೊಳೆ ಮಾಡಿಕೊಂಡು ಕಲಿಯುವ ಯುವಕರ ಉತ್ಸಾಹಕ್ಕೆ ನನ್ನ ವಿರೋಧವಿಲ್ಲ. ಅದು ನಮ್ಮಲ್ಲಿ ಇನ್ನೂ ಹೆಚ್ಚಬೇಕು. ಆದರೆ ಮೊದಲು ಹೊಸ ಮೌಂಟಿಂಗು ಹಾಕಿಸಿ. ವಾಹನಗಳಿಲ್ಲದ ಸುರಕ್ಷಿತ ಜಾಗದಲ್ಲಿ, ಗೆಳೆಯನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ನಿಂತಲ್ಲಿಂದ ನಿಗದಿತ ದೂರ ಕ್ರಮಿಸುವ ಕಾಲವನ್ನು ಹತ್ತು ಬಾರಿ ಅಳೆದು ಸರಾಸರಿ ತೆಗೆಯಿರಿ. ಆಮೇಲೂ ಅಂಟು ತುಂಬಬೇಕೆನಿಸಿದರೆ, ತುಂಬಿದ ಮೇಲೆ ಮತ್ತೆ ಅಳೆಯಿರಿ. ಎರಡು ಸರಾಸರಿಗಳ ವ್ಯತ್ಯಾಸ ಅಳತೆಯ ದೋಷಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಕಾರು ಚಿಮ್ಮಿತು ಎನ್ನಿ.