ಶೇಷವಾಗಿ ಉಳಿದ ಕೆಮ್ಮು: ರೋಗವರ್ಗೀಕರಣದ ಒಂದು ಶೀರ್ಷಿಕೆಯ ವಿಮರ್ಶೆ

‘ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ’ವನ್ನು ಓದತಕ್ಕ ಗ್ರಂಥವೆಂದು ಎಣಿಸುವವರು ವಿರಳ. ಆಸ್ಪತ್ರೆಯ ದಾಖಲೆಯ ಕೋಣೆಯಲ್ಲಿ, ವಿಮೆಯ ಕಚೇರಿಯಲ್ಲಿ ಅದನ್ನು ತೆರೆಯುತ್ತಾರೆ. ಬೇಕಾದ ಸಂಕೇತವನ್ನು ಬರೆದುಕೊಂಡು ಮುಚ್ಚುತ್ತಾರೆ. ಆದರೆ ಸ್ವರೂಪದಲ್ಲಿ ಅದು ನಿಘಂಟಿನ ಜಾತಿಗೆ ಸೇರಿದುದು. ಅಮರಕೋಶದಲ್ಲಿ ಶಬ್ದಗಳು ವರ್ಗವರ್ಗವಾಗಿ ನಿಂತಿರುವಂತೆ ಇಲ್ಲಿ ಮನುಷ್ಯನ ಬೇನೆಗಳೆಲ್ಲ ಅಧ್ಯಾಯಗಳಾಗಿ ನಿಂತಿವೆ. ಒಂದು ಶೀರ್ಷಿಕೆಯಲ್ಲಿ ಯಾವುದು ಅಡಗುತ್ತದೆ, ಯಾವುದು ಅಡಗುವುದಿಲ್ಲ ಎಂಬುದಕ್ಕೆ ಟಿಪ್ಪಣಿಗಳೂ ಉಂಟು. ನಿಘಂಟನ್ನು ಓದುವವನು ಒಂದು ಶಬ್ದ ಈ ವರ್ಗದಲ್ಲಿ ಏಕೆ ಬಂದಿತೆಂದು ಕೇಳುವಂತೆ ಇಲ್ಲಿಯೂ ಕೇಳಬಹುದು. ಪ್ರಸ್ತುತ ಲೇಖನ ಹಾಗೆ ಕೇಳುವುದು ಕೆಮ್ಮನ್ನು ಕುರಿತು. ಹತ್ತನೆಯ ಪರಿಷ್ಕರಣದಲ್ಲಿ ಅದರ ಸಂಕೇತ ಆರ್ 05.

ಈ ಗ್ರಂಥ ಹುಟ್ಟಿದ್ದು ಮೃತರ ಲೆಕ್ಕಕ್ಕಾಗಿ. 1893ರಲ್ಲಿ ಷಿಕಾಗೊದಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮುಂದೆ ಫ್ರಾನ್ಸಿನ ಝಾಕ್ ಬರ್ತಿಯೋಂ ಮಂಡಿಸಿದ್ದು ಮರಣಕಾರಣಗಳ ಪಟ್ಟಿ. 1948ರ ಆರನೆಯ ಪರಿಷ್ಕರಣದ ಹೊತ್ತಿಗೆ ಅದರ ಹೊಣೆ ವಿಶ್ವ ಆರೋಗ್ಯ ಸಂಸ್ಥೆಗೆ ಬಂದಿತ್ತು; ಆಗಲೇ ಬದುಕಿರುವವರ ಕಾಯಿಲೆಗಳೂ ಪಟ್ಟಿಯೊಳಗೆ ಬಂದವು. ಮೃತರ ಪಟ್ಟಿಯಲ್ಲಿ ಕೆಮ್ಮಿಗೆ ಹೆಚ್ಚಿನ ಕೆಲಸವಿಲ್ಲ. ಕೆಮ್ಮಿನಿಂದಲೇ ಸತ್ತನೆಂದು ಯಾವ ವೈದ್ಯನೂ ಬರೆದು ತೃಪ್ತನಾಗಲಾರ. ಬದುಕಿರುವವನಾದರೋ ವೈದ್ಯನ ಬಳಿಗೆ ಬರುವುದೇ ಕೆಮ್ಮುತ್ತ. ಅವನಿಗೊಂದು ಸ್ಥಳ ಬೇಕಾಯಿತು. ಆರನೆಯ ಪರಿಷ್ಕರಣ ಲಕ್ಷಣಗಳನ್ನು ಮುಪ್ಪಿನೊಡನೆಯೂ ಅಸ್ಪಷ್ಟ ಸ್ಥಿತಿಗಳೊಡನೆಯೂ ಒಂದೇ ಅಧ್ಯಾಯದಲ್ಲಿ ಕೂಡಿಸಿತು. ಹತ್ತನೆಯದರಲ್ಲಿಯೂ ಆ ಸಹವಾಸ ತಪ್ಪಿಲ್ಲ: ಕೆಮ್ಮು ಇರುವ ಹದಿನೆಂಟನೆಯ ಅಧ್ಯಾಯದಲ್ಲಿಯೇ ಮುಪ್ಪಿಗೂ ಒಂದು ಸಂಕೇತವಿದೆ.

ಆ ಅಧ್ಯಾಯದ ಹೆಸರಿನಲ್ಲಿಯೇ ‘ಬೇರೆಡೆ ವರ್ಗೀಕರಿಸದ’ ಎಂಬ ವಿಶೇಷಣವಿದೆ. ಅದರ ಅರ್ಥವ್ಯಾಪ್ತಿಯನ್ನು ತಿಳಿಯಬೇಕಾದರೆ ಬೇರೆಡೆಗೆ ಹೋದುವು ಯಾವುವೆಂದು ನೋಡಬೇಕು. ಕೂಗಿನ ಸಾಮ್ಯದಿಂದ ಕನ್ನಡಿಗರು ನಾಯಿಕೆಮ್ಮು ಎಂದು ಕರೆದದ್ದು ಕೂಗನ್ನು ಬಿಟ್ಟು, ಕಾರಣವಾದ ಜೀವಾಣುವನ್ನು ಹಿಡಿದು, ಸೋಂಕುರೋಗಗಳಲ್ಲಿ ಎ 37 ಆಗಿದೆ. ವರ್ಷಗಟ್ಟಲೆ ಕಫದೊಡನೆ ಬರುವ ಶ್ವಾಸನಾಳದ ಹಳೆಯ ಉರಿಯೂತ ಜೆ 41, 42ಕ್ಕೆ ಹೋಗಿದೆ. ಹತ್ತಿಯ ಗಿರಣಿಯ ಧೂಳಿನಿಂದ ಬರುವ ಎದೆಯ ಬೇನೆ ಜೆ 66ಕ್ಕೆ. ರಕ್ತ ಬೀಳುವ ಕೆಮ್ಮು ಇದೇ ಅಧ್ಯಾಯದಲ್ಲಿದ್ದರೂ ಆರ್ 04.2 ಎಂದು ಬೇರೆ ನಿಂತಿದೆ. ಮನೋಜನ್ಯವೆಂದು ತೋರುವುದು ಎಫ್ 45.3. ಇಷ್ಟೆಲ್ಲ ಎದ್ದು ಹೋದಮೇಲೆ ಕುಳಿತಲ್ಲೇ ಉಳಿದ ಕೆಮ್ಮು ಆರ್ 05.

ಚರಕಸಂಹಿತೆಯ ಕ್ರಮ ಇದಕ್ಕಿಂತ ತೀರ ಭಿನ್ನ. ಅಲ್ಲಿ ಕಾಸಕ್ಕೆ ಚಿಕಿತ್ಸಾಸ್ಥಾನದಲ್ಲಿ ಒಂದು ಅಧ್ಯಾಯವೇ ಮೀಸಲು. ವಾತ, ಪಿತ್ತ, ಕಫಗಳಿಂದ ಮೂರು, ಕ್ಷತದಿಂದ ಒಂದು, ಕ್ಷಯದಿಂದ ಒಂದು, ಹೀಗೆ ಐದು ಬಗೆ; ಐದೂ ಬೆಳೆಯಲು ಬಿಟ್ಟರೆ ಕ್ಷಯಕ್ಕೆ ಒಯ್ಯತಕ್ಕವು. ಇದರ ಶರೀರಶಾಸ್ತ್ರವನ್ನು ಇಂದು ಯಾರೂ ಹಾಗೆಯೇ ಸ್ವೀಕರಿಸಬೇಕಾಗಿಲ್ಲ. ಗಮನಿಸತಕ್ಕದ್ದು ವರ್ಗೀಕರಣದ ಬಗೆಯನ್ನು. ಚರಕದಲ್ಲಿ ಕೆಮ್ಮಿಗೆ ಆದಿಯೂ ಗತಿಯೂ ಉಂಟು. ಅದು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ಆರ್ 05ಕ್ಕೆ ಅವೆರಡೂ ಇಲ್ಲ. ಅದು ಒಂದು ದಿನದ ಒಂದು ಭೇಟಿಯ ಗುರುತು.

ಇದನ್ನು ದೋಷವೆಂದು ಕೂಡಲೆ ತೀರ್ಮಾನಿಸುವುದು ನ್ಯಾಯವಲ್ಲ. ನನ್ನ ಮಟ್ಟಿಗೆ ಇಡೀ ಗ್ರಂಥದಲ್ಲಿ ಹೆಚ್ಚು ಪ್ರಾಮಾಣಿಕವಾದುದು ಈ ಹದಿನೆಂಟನೆಯ ಅಧ್ಯಾಯವೇ. ಮಿಕ್ಕೆಡೆಗಳಲ್ಲಿ ವೈದ್ಯನು ತಾನು ಬಲ್ಲೆನೆಂದು ಹೇಳುತ್ತಾನೆ. ಇಲ್ಲಿ ಇನ್ನೂ ತಿಳಿದಿಲ್ಲವೆಂದು ಹೇಳಲು ಅವನಿಗೊಂದು ಗೌರವದ ಮಾರ್ಗವಿದೆ. ಆ ಮಾರ್ಗವಿಲ್ಲದಿದ್ದರೆ ಪ್ರತಿಯೊಂದು ಕೆಮ್ಮಿಗೂ ಒಂದು ಸುಳ್ಳು ನಿದಾನ ಅಂಟುತ್ತಿತ್ತು.

ಆಕ್ಷೇಪಕ್ಕೆ ಎಡೆಯಿರುವುದು ಆ ‘ಇನ್ನೂ’ ಎಂಬ ಮಾತು ಸಂಕೇತದಲ್ಲಿ ಉಳಿಯದೆ ಹೋಗುವುದರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನ ತನ್ನ ಬಳಕೆಯ ಆವೃತ್ತಿಯಲ್ಲಿ 2021ರ ಅಕ್ಟೋಬರ್ 1ರಿಂದ ಆರ್ 05ನ್ನು ಒಡೆಯಿತು: .1 ಹೊಸ ಕೆಮ್ಮು, .2 ನಡುಗಾಲದ್ದು, .3 ದೀರ್ಘಕಾಲದ್ದು, .4 ಕೆಮ್ಮಿ ಎಚ್ಚರ ತಪ್ಪುವುದು, .8 ಇತರ, .9 ನಿರ್ದೇಶಿಸದ್ದು. ಕಾಲವನ್ನು ಹೀಗೆ ಒಳಗೆ ತಂದದ್ದು ಒಳ್ಳೆಯದೇ. ಆದರೆ .3ರ ಕೆಳಗಿನ ಟಿಪ್ಪಣಿಯನ್ನು ನೋಡಿ: ಬಿಡದೆ ಇರುವ ಕೆಮ್ಮು, ಚಿಕಿತ್ಸೆಗೆ ಬಗ್ಗದ ಕೆಮ್ಮು, ವಿವರಣೆಗೆ ಸಿಕ್ಕದ ಕೆಮ್ಮು, ಮೂರೂ ಅಲ್ಲಿಯೇ. ಎಲ್ಲ ಪರೀಕ್ಷೆಗಳೂ ಮುಗಿದು ಕಾರಣ ಕಾಣದೆ ಹೋದವನೂ, ಒಂದು ಪರೀಕ್ಷೆಯನ್ನೂ ಕಾಣದೆ ಮೂರು ತಿಂಗಳು ಕೆಮ್ಮಿದವನೂ ಒಂದೇ ಅಂಕೆಯಾಗುತ್ತಾರೆ. ಹುಡುಕಿಯೂ ತಿಳಿಯದಿರುವುದು ಬೇರೆ, ಹುಡುಕದೆ ತಿಳಿಯದಿರುವುದು ಬೇರೆ.

ಕಾಲದ ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ವಯಸ್ಕರಲ್ಲಿ ಮೂರು ವಾರದೊಳಗಿನದು ಹೊಸತು, ಎಂಟು ವಾರ ದಾಟಿದ್ದು ದೀರ್ಘಕಾಲದ್ದು ಎಂಬುದು ಪಶ್ಚಿಮದ ವೈದ್ಯರು ಸಾಮಾನ್ಯವಾಗಿ ಅನುಸರಿಸುವ ವಿಭಾಗ. ಭಾರತದ ಕ್ಷಯ ಕಾರ್ಯಕ್ರಮದಲ್ಲಾದರೋ ಎರಡು ವಾರ ತುಂಬಿದ ಕೆಮ್ಮು ಶಂಕೆಗೆ ಸಾಕು. ಕಫವನ್ನು ಪರೀಕ್ಷೆಗೆ ಕಳುಹಿಸಬೇಕು. ಹದಿನೇಳು ದಿನ ಕೆಮ್ಮಿದವನು ಅಲ್ಲಿ ಸ್ವಲ್ಪ ಕಾಯಬಹುದಾದವನು, ಇಲ್ಲಿ ಕಾಯಬಾರದವನು. ಕ್ಷಯ ವಿರಳವಾದ ನಾಡಿನಲ್ಲಿ ಮೊದಲನೆಯದು ಸರಿಯೇ ಇರಬಹುದು. ಅಲ್ಲಿ ಒಡೆದ ಉಪಸಂಕೇತಗಳನ್ನು ಹಾಗೆಯೇ ಇಲ್ಲಿಗೆ ತಂದರೆ ನಮಗೆ ಅತ್ಯಂತ ಬೇಕಾದ ಗೆರೆ ಅಳಿಸಿಹೋಗುತ್ತದೆ.

ಸಂದೇಹವನ್ನು ಬರೆಯುವ ಕ್ರಮದಲ್ಲಿ ಇನ್ನೂ ವಿಚಿತ್ರವಿದೆ. ಅಮೆರಿಕದ ನಿಯಮದಂತೆ ಹೊರರೋಗಿಯ ಚೀಟಿಯಲ್ಲಿ ‘ನ್ಯುಮೋನಿಯ ಇರಬಹುದು’ ಎಂದಿದ್ದರೆ ನ್ಯುಮೋನಿಯದ ಸಂಕೇತ ಹಾಕಕೂಡದು, ಕೆಮ್ಮನ್ನೇ ಬರೆಯಬೇಕು. ಒಳರೋಗಿ ಬಿಡುಗಡೆಯಾಗುವಾಗ ಅದೇ ಮಾತಿದ್ದರೆ, ರೋಗ ಇದ್ದಂತೆಯೇ ಭಾವಿಸಿ ಬರೆಯಬಹುದು. ಸಂದೇಹ ಒಂದೇ, ಮಲಗಿದವನಲ್ಲಿ ಅದು ರೋಗ, ಎದ್ದು ಓಡಾಡುವವನಲ್ಲಿ ಲಕ್ಷಣ! ಹಣಪಾವತಿಗೆ ಈ ವ್ಯವಸ್ಥೆ ಅನುಕೂಲವಿದ್ದೀತು. ಇಂಥ ಅಂಕಿಗಳಿಂದ ರೋಗದ ಪ್ರಮಾಣವನ್ನು ತಿಳಿಯಹೊರಡುವವರು ಎಚ್ಚರವಾಗಿರಬೇಕು.

ಇದರಿಂದ ಆಗುವ ಹಾನಿ ಎಂಥದೆಂಬುದಕ್ಕೆ ದೃಷ್ಟಾಂತ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ರೂಢಿಯಲ್ಲಿದ್ದ ನಂಬಿಕೆ. ಅಧ್ಯಯನ ಕಂಡದ್ದು ಬೇರೆ. ಕ್ಷಯವಿದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಪಾಶ್ಚಾತ್ಯ ವೈದ್ಯದ ಚಿಕಿತ್ಸಾಲಯಗಳಿಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ಕೆಮ್ಮೆಂದು ಬಂದವರಿಗೆ ಕೆಮ್ಮಿನ ಔಷಧ; ದಾಖಲೆಯಲ್ಲಿ ಕೆಮ್ಮೆಂದೇ ಬರೆದಿದ್ದರೆ ಅದರಲ್ಲಿ ತಪ್ಪು ಹುಡುಕಲು ಯಾವ ಪರಿಶೋಧಕನಿಗೂ ಸಾಧ್ಯವಾಗುತ್ತಿರಲಿಲ್ಲ. ನಿಜಸ್ಥಿತಿ ಹೊರಬಿದ್ದದ್ದು ಸಮೀಕ್ಷೆಯಿಂದ ರೋಗಿಗಳನ್ನು ಗುರುತಿಸಿ, ಅವರನ್ನೇ ಕೇಳಿದ್ದರಿಂದ.

2022ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣದಲ್ಲಿ ಕೆಮ್ಮಿಗೆ ಎಂಡಿ 12 ಎಂಬ ಹೊಸ ಗುರುತು ಬಂದಿದೆ. ಲಕ್ಷಣಗಳ ಅಧ್ಯಾಯದಿಂದ ಅದು ಹೊರಬಂದಿಲ್ಲ, ಬರಬೇಕಾಗಿಯೂ ಇಲ್ಲ. ಬೇಕಾದ ತಿದ್ದುಪಡಿ ಗ್ರಂಥಕ್ಕಿಂತ ಹೆಚ್ಚಾಗಿ ಅದನ್ನು ಬಳಸುವ ದಾಖಲೆಪುಸ್ತಕಕ್ಕೆ. ಕೆಮ್ಮೆಂದು ಬರೆದ ಪ್ರತಿಯೊಂದು ಸಾಲಿನ ಮುಂದೆಯೂ ಎರಡು ಅಂಕಣಗಳನ್ನು ಖಾಲಿ ಬಿಟ್ಟಿರಬೇಕು. ಒಂದರಲ್ಲಿ ಕೆಮ್ಮು ಎಷ್ಟು ದಿನದ್ದೆಂದು, ವಾರಗಳಲ್ಲಲ್ಲದೆ ದಿನಗಳಲ್ಲಿಯೇ, ಬರೆಯಬೇಕು. ಇನ್ನೊಂದು ಎರಡು ತಿಂಗಳ ತರುವಾಯ ತುಂಬತಕ್ಕದ್ದು: ಅದು ತಾನಾಗಿ ಅಡಗಿತೆ, ಯಾವ ರೋಗವೆಂದು ಗೊತ್ತಾಯಿತು, ಅಥವಾ ರೋಗಿ ಮತ್ತೆ ಬರಲೇ ಇಲ್ಲವೆ ಎಂದು.