ಮಾರ್ಥಳ ಅಡುಗೆಮನೆ

ಸುಗ್ಗಿ ಹಬ್ಬದಂದು ನಮ್ಮ ಸಭೆಯಲ್ಲಿ ಮಾರ್ಥ, ಮರಿಯರ ಮೇಲೆ ಪ್ರಸಂಗವಿತ್ತು. "ಮಾರ್ಥಳಂತಾಗಬೇಡಿ, ಮರಿಯಳಂತಾಗಿ" ಎಂದರು ಬೋಧಕರು. ನಾವು ಏಳೆಂಟು ಹೆಂಗಸರು ಅದನ್ನು ಕೇಳಿದ್ದು ಹಿಂದಿನ ಚಪ್ಪರದಲ್ಲಿ, ಇನ್ನೂರು ಜನರ ಊಟಕ್ಕೆ ಈರುಳ್ಳಿ ಹೆಚ್ಚುತ್ತಾ. ಪ್ರಸಂಗ ಮುಗಿಸಿ ಬಂದವರ ಮೊದಲ ಮಾತು, "ಅಡುಗೆ ಆಯ್ತೇನಮ್ಮಾ?"

ಆ ರಾತ್ರಿ ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ಮತ್ತೆ ಓದಿದೆ. ಯೇಸುಸ್ವಾಮಿ ಅಲ್ಲಿ ಅಡುಗೆಯನ್ನು ಹೀಗಳೆಯುವುದಿಲ್ಲ. ಹಲವು ಚಿಂತೆಗಳಿಂದ ಮಾರ್ಥಳ ಮನಸ್ಸು ಕದಡಿದ್ದನ್ನು ತೋರಿಸುತ್ತಾರೆ. ಅವಳ ಕೆಲಸಕ್ಕೆ ಗ್ರೀಕ್ ಮೂಲದಲ್ಲಿರುವ ಪದ 'ದಿಯಾಕೋನಿಯಾ'. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಊಟ ಹಂಚುವುದಕ್ಕೂ ವಾಕ್ಯ ಬೋಧಿಸುವುದಕ್ಕೂ ಅದೇ ಪದ. ಯೋಹಾನನ ಸುವಾರ್ತೆಯಲ್ಲಿ ಯೇಸುವೇ ಕ್ರಿಸ್ತನೆಂದು ಬಾಯಿತುಂಬ ಅರಿಕೆ ಮಾಡಿದವಳೂ ಇದೇ ಮಾರ್ಥಳು. ಆಮೇಲೂ ಅವಳು ಬಡಿಸುತ್ತಾಳೆ, ಯಾರೂ ಆಕ್ಷೇಪಿಸುವುದಿಲ್ಲ.

ಇನ್ನು ಮರಿಯಳು. ಪಾದದ ಬಳಿ ಕೂರುವುದು ಶಿಷ್ಯರ ಜಾಗ. ಪೌಲನು ಗಮಲಿಯೇಲನ ಬಳಿ ಕಲಿತದ್ದೂ ಹಾಗೆಯೇ. ಆ ಭಾಗವನ್ನು ಅವಳಿಂದ ಯಾರೂ ಕಿತ್ತುಕೊಳ್ಳಬಾರದೆಂದರು ಸ್ವಾಮಿ. ಹಾಗಾದರೆ ನಮ್ಮನ್ನು ಚಪ್ಪರಕ್ಕೆ ಕಳಿಸಿದ್ದು ಯಾವ ವಾಕ್ಯ? ಪ್ರಸಂಗ ಅದನ್ನು ಮುಟ್ಟಲೇ ಇಲ್ಲ. ಕೂರಿರೆಂದು ಹೇಳುವವರು ಕೂರಲು ಬಿಡಬೇಕಲ್ಲವೇ?

ಆದರೆ ಬರೀ ಅವರನ್ನು ದೂರಿ ನಾನು ತಪ್ಪಿಸಿಕೊಳ್ಳಲಾರೆ. ಒಳಗೆ ಕೂತು ಕೇಳುತ್ತಿದ್ದ ಸೊಸೆಯನ್ನು ಕಣ್ಸನ್ನೆ ಮಾಡಿ ಎಬ್ಬಿಸಿದವಳು ನಾನೇ.

ಬರುವ ಹಬ್ಬಕ್ಕೆ ಊಟ ಒಂದು ಗಂಟೆ ತಡವಾಗಲಿ, ಪ್ರಸಂಗವಾದ ಮೇಲೆ ಗಂಡಸರೂ ಹೆಂಗಸರೂ ಸೇರಿ ಹೆಚ್ಚೋಣ ಎಂದು ಕಮಿಟಿಗೆ ಬರೆದುಕೊಟ್ಟಿದ್ದೇನೆ. ಮೊದಲ ಸಹಿ ನನ್ನದು, ಎರಡನೆಯದು ಸೊಸೆಯದು.